ಮಳೆಸೀಮೆಯಲ್ಲಿ ಮಡಚು ಟಾಪಿನ ಕಾರು

‘ಹಳೆಯ ಬ್ರಿಟಿಷ್ ಕಾರು, ಮಡಚುವ ಟಾಪು, ಮಾರಾಟಕ್ಕಿದೆ’ ಎಂಬ ಸಾಲು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕಂಡರೆ ಯಾರಿಗೂ ಅಚ್ಚರಿಯಾಗುವುದಿಲ್ಲ. ಅದರ ಕೊನೆಗೆ ಸಾಗರ, ಹೊಸನಗರ ಅಥವಾ ತೀರ್ಥಹಳ್ಳಿ ಎಂಬ ಹೆಸರಿದ್ದರೆ ಮಾತ್ರ ಓದುವವರ ಹುಬ್ಬು ಮೇಲೇರುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲು ಕೆಲವು ವರ್ಷ ಆಗುಂಬೆಯನ್ನೂ ಹಿಂದಿಕ್ಕುತ್ತದೆ. ಜೂನ್ ತಿಂಗಳಲ್ಲಿ ಹೊಸ್ತಿಲು ದಾಟಬೇಕಾದರೆ ಗೊರಬು, ಕಂಬಳಿಕೊಪ್ಪೆ ಹುಡುಕುವ ಸೀಮೆ ಇದು. ಇಂಥ ಕಡೆ ಗಟ್ಟಿ ಸೂರಿಲ್ಲದ ಕಾರಿಗೆ ಏನು ಕೆಲಸವಿತ್ತು? ಬಂದದ್ದೇ ಆದರೆ, ಅದು ಉಳಿದದ್ದಾದರೂ ಹೇಗೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದರೆ ಮೋಟಾರಿನ ಚರಿತ್ರೆಯ ಜೊತೆಗೆ ಮಲೆನಾಡಿನ ಒಂದು ಶತಮಾನದ ಚರಿತ್ರೆಯೂ ಬಿಚ್ಚಿಕೊಳ್ಳುತ್ತದೆ.

ಈ ಸೀಮೆಗೆ ಚಕ್ರ ಬಂದದ್ದೇ ಒಂದು ದೊಡ್ಡ ಸುದ್ದಿ. 1967ರಲ್ಲಿ ಪ್ರಕಟವಾದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಬೈಸಿಕಲ್ಲು ಹಳ್ಳಿಗರ ಬಾಯಲ್ಲಿ ‘ಬೀಸೆಕಲ್ಲು’ ಆಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ತೀರ್ಥಹಳ್ಳಿ ಸೀಮೆಯ ಕಥೆ ಅದು. ಎರಡು ಚಕ್ರದ ಸವಾರಿಯೇ ಅಷ್ಟು ಬೆರಗು ಹುಟ್ಟಿಸಿದ್ದ ಕಾಡಿಗೆ ನಾಲ್ಕು ಚಕ್ರದ ಯಂತ್ರ ಬರಲು ಹೆಚ್ಚು ಕಾಲ ಬೇಕಾಗಲಿಲ್ಲ. ಘಟ್ಟದ ಕೆಳಗೆ ಮಂಗಳೂರಿನಲ್ಲಿ 1914ರಲ್ಲಿಯೇ ಕೆನರಾ ಪಬ್ಲಿಕ್ ಕನ್ವೇಯನ್ಸ್ ಎಂಬ ಬಸ್ ಕಂಪೆನಿ ಹುಟ್ಟಿತು. ಜನ ಅದನ್ನು ‘ಸಿಪಿಸಿ’ ಎಂದೇ ಕರೆದರು. ಆಗ ಸಾಗರ, ಹೊಸನಗರ, ತೀರ್ಥಹಳ್ಳಿಗಳು ಮೈಸೂರು ಸಂಸ್ಥಾನದವು. ಘಟ್ಟ ಇಳಿದರೆ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ. ಸಾಗರ ದಾಟಿ ಸಿದ್ದಾಪುರಕ್ಕೆ ಹೋದರೆ ಮುಂಬಯಿ ಪ್ರಾಂತ್ಯದ ಉತ್ತರ ಕನ್ನಡ. ಮೂರು ಆಡಳಿತಗಳು ಕೂಡುವ ಈ ಮೂಲೆಯಲ್ಲಿ ಅಡಿಕೆಯಂತೆ ಕಾರೂ ಎಲ್ಲಿಂದಲೋ ಎಲ್ಲಿಗೋ ಗಡಿ ದಾಟುವ ಸರಕಾಗಿತ್ತು.

ಸೂರಿಲ್ಲದ್ದೇ ಅಗ್ಗ

ಇಂದು ಟಾಪು ಮಡಚುವ ಕಾರು ಎಂದರೆ ಶೋಕಿ. ಸಾಧಾರಣ ಕಾರಿಗಿಂತ ಅದರ ಬೆಲೆ ಹೆಚ್ಚು. ಮೋಟಾರಿನ ಮೊದಲ ಮೂವತ್ತು ವರ್ಷಗಳಲ್ಲಿ ಲೆಕ್ಕ ಇದಕ್ಕೆ ತಿರುಗಾಮುರುಗಾ ಆಗಿತ್ತು. ಆಗಿನ ಕಾರಿನ ಮೈಯನ್ನು ಸಾರೋಟಿನಂತೆ ಕೈಯಲ್ಲಿ ಕಟ್ಟುತ್ತಿದ್ದರು. ಮೊದಲು ಮರದ ಹಂದರ, ಅದರ ಮೇಲೆ ತಗಡಿನ ಹೊದಿಕೆ. ಗಟ್ಟಿ ಸೂರು, ಗಾಜಿನ ಕಿಟಕಿ ಬೇಕೆಂದರೆ ಮರಗೆಲಸ ದುಪ್ಪಟ್ಟು. ತೂಕ, ಬೆಲೆ ಎರಡೂ ಏರುತ್ತಿದ್ದವು. ಹಾಗಾಗಿ ಸಾಮಾನ್ಯ ಕಾರಿಗೆ ಕ್ಯಾನ್‌ವಾಸಿನ ಟಾಪೇ ಗತಿ. 1919ರಲ್ಲಿ ಅಮೆರಿಕದಲ್ಲಿ ತಯಾರಾದ ಪ್ರತಿ ಹತ್ತು ಕಾರುಗಳಲ್ಲಿ ಸುಮಾರು ಒಂಬತ್ತು ತೆರೆದವೇ. ಯಂತ್ರದಲ್ಲಿ ಒತ್ತಿ ತೆಗೆದ ಉಕ್ಕಿನ ಮೈ ಬಂದ ಮೇಲೆ ಮುಚ್ಚಿದ ಕಾರು ಅಗ್ಗವಾಯಿತು. 1920ರ ದಶಕ ಮುಗಿಯುವ ಹೊತ್ತಿಗೆ ತೆರೆದ ಕಾರುಗಳೇ ಅಲ್ಪಸಂಖ್ಯಾತವಾದವು.

ಹೀಗಾಗಿ ಹಿಂದಿನವರು ಮಲೆನಾಡಿಗೆ ತೆರೆದ ಕಾರು ತಂದದ್ದು ಬುದ್ಧಿ ಇಲ್ಲದೆ ಅಲ್ಲ, ಬರೀ ಗತ್ತಿಗೂ ಅಲ್ಲ. ಆ ಕಾಲಕ್ಕೆ ಕಾರು ಎಂದರೆ ಬಹುಮಟ್ಟಿಗೆ ಅದೇ ಆಗಿತ್ತು. ಮೇಲಾಗಿ ಕಾರು ಓಡುತ್ತಿದ್ದದ್ದು ಬೇಸಿಗೆಯಲ್ಲಿ. ಮಳೆಗಾಲದಲ್ಲಿ ಮಣ್ಣಿನ ರಸ್ತೆ ಕೆಸರುಗದ್ದೆಯಾದರೆ ಎತ್ತಿನ ಗಾಡಿ ಹೂಡುವುದೇ ಕಷ್ಟ. ಕಾರಿನ ಮಾತು ದೂರ. ಜೂನಿನಲ್ಲಿ ಶೆಡ್ಡು ಸೇರಿದ ಬಂಡಿ ಮಳೆ ನಿಂತು ಹಾದಿ ಆರಿದ ಮೇಲೆ ಹೊರಬರುತ್ತಿತ್ತು.

ಈ ತೆರೆದ ಕಾರುಗಳಲ್ಲೂ ಜಾತಿಗಳಿವೆ. ನಾಲ್ಕು ಜನ ಕೂರುವ, ಕಿಟಕಿಯ ಗಾಜಿಲ್ಲದ, ತೆಳು ಟಾಪಿನ ಕಾರು ‘ಟೂರರ್’. ಮಳೆ ಬಂದರೆ ಅದರ ಬಾಗಿಲಿಗೆ ಸೆಲ್ಯುಲಾಯ್ಡಿನ ಪರದೆ ಸಿಕ್ಕಿಸಬೇಕು. ಎರಡು ವರ್ಷ ಬಿಸಿಲು ತಿಂದರೆ ಆ ಪರದೆ ಹಳದಿಯಾಗಿ ಹಪ್ಪಳದಂತೆ ಮುರಿಯುತ್ತದೆ. ಇಬ್ಬರೇ ಕೂರುವ ಹಗುರ ಕಾರು ‘ರೋಡ್‌ಸ್ಟರ್’. ಏರಿಳಿಸುವ ಗಾಜು, ಅಸ್ತರಿ ಹಾಕಿದ ದಪ್ಪ ಟಾಪು ಇದ್ದದ್ದು ‘ಡ್ರಾಪ್‌ಹೆಡ್ ಕೂಪೆ’. ಇದು ದುಬಾರಿ ಬಾಬತ್ತು. ಕೆಲವು ಎರಡು ಸೀಟಿನ ಕಾರುಗಳ ಹಿಂಭಾಗದಲ್ಲಿ ಮುಚ್ಚಳ ಎತ್ತಿದರೆ ಬಯಲಲ್ಲೇ ಇನ್ನಿಬ್ಬರು ಕೂರುವ ಸೀಟು ಇರುತ್ತಿತ್ತು. ಅದರ ಹೆಸರು ‘ಡಿಕಿ’. ಆ ಸೀಟು ಹೋಗಿ ಸಾಮಾನಿನ ಜಾಗ ಬಂದರೂ ನಮ್ಮ ನಾಲಗೆ ಮಾತ್ರ ‘ಡಿಕ್ಕಿ’ಯನ್ನು ಬಿಡಲಿಲ್ಲ. ‘ಸ್ಟೆಪ್ನಿ’ಯ ಕಥೆಯೂ ಅಂಥದೇ. ವೇಲ್ಸಿನ ಲನೆಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ ಹುಟ್ಟಿದ ಹೆಚ್ಚುವರಿ ಚಕ್ರ ತನ್ನ ಬೀದಿಯ ಹೆಸರನ್ನು ಸಾಗರದ ಪಂಕ್ಚರ್ ಅಂಗಡಿಯವರೆಗೂ ತಂದಿದೆ.

ಏಳು ಕುದುರೆಯ ಲೆಕ್ಕ

ಹಳೆಯ ಕಾರು ಸಿಕ್ಕೀತು. ಹಳೆಯ ಬ್ರಿಟಿಷ್ ಕಾರು, ಅದರಲ್ಲೂ ಮಲೆನಾಡಿನಲ್ಲಿ, ಏಕೆ ಅಪರೂಪ? ಇದಕ್ಕೆ ಕಾರಣ ಲಂಡನ್ನಿನ ಒಂದು ತೆರಿಗೆ ಎಂದರೆ ನಂಬುವುದು ಕಷ್ಟ. 1921ರಿಂದ ಬ್ರಿಟನ್ನಿನಲ್ಲಿ ಕಾರಿನ ಪ್ರತಿ ಕುದುರೆ ಬಲಕ್ಕೆ ವರ್ಷಕ್ಕೆ ಒಂದು ಪೌಂಡ್ ತೆರಿಗೆ ಬಿತ್ತು. ಆ ಕುದುರೆ ಬಲವನ್ನು ಅಳೆಯುತ್ತಿದ್ದದ್ದು ಎಂಜಿನ್ನಿನ ನಿಜವಾದ ಶಕ್ತಿಯಿಂದಲ್ಲ, ಸಿಲಿಂಡರಿನ ಅಗಲದಿಂದ. ತಯಾರಕರು ಉಪಾಯ ಹೂಡಿದರು. ಸಿಲಿಂಡರನ್ನು ಕಿರಿದು ಮಾಡಿ ಪಿಸ್ಟನ್ನಿನ ಓಡಾಟವನ್ನು ಉದ್ದ ಮಾಡಿದರು. ಹೀಗೆ ಹುಟ್ಟಿದ ಪುಟ್ಟ ಕಾರುಗಳಲ್ಲಿ ಹೆಸರಾದದ್ದು 1922ರಲ್ಲಿ 165 ಪೌಂಡ್ ಬೆಲೆಗೆ ಬಂದ ‘ಆಸ್ಟಿನ್ ಸೆವೆನ್’. ಹೆಸರಿನ ಏಳು ಎಂದರೆ ತೆರಿಗೆಯ ಏಳು ಕುದುರೆ. ಎಂಜಿನ್ನು ಬೇಗನೆ 747 ಸಿ.ಸಿ.ಗೆ ಬೆಳೆದು ಅಲ್ಲಿಗೇ ನಿಂತಿತು. ಮೊದಲ ಕಾರುಗಳ ತೂಕ ಸುಮಾರು 360 ಕಿಲೋ ಮಾತ್ರ. ‘ಬೇಬಿ ಆಸ್ಟಿನ್’ ಎಂದು ಲೋಕವೆಲ್ಲ ಮುದ್ದಿನಿಂದ ಕರೆದ ಈ ಕಾರು 1939ರವರೆಗೆ ಸುಮಾರು 2,90,000 ತಯಾರಾಯಿತು. ಇದಕ್ಕೆ ಎದುರಾಳಿಯಾಗಿ ಬಂದ ‘ಮಾರಿಸ್ ಎಯ್ಟ್’ನ ಎಂಜಿನ್ 918 ಸಿ.ಸಿ.; ಅದರಲ್ಲೂ ಟೂರರ್ ಮಾದರಿಗಳಿದ್ದವು.

ಇಂಗ್ಲೆಂಡಿನ ಕಲ್ಲುಹಾಸಿನ ರಸ್ತೆಗೆ ಹೇಳಿ ಮಾಡಿಸಿದ ಈ ಕೂಸುಗಳು ಘಟ್ಟದ ಬುಡದಲ್ಲಿ ಏದುಸಿರು ಬಿಡುತ್ತಿದ್ದವು. ಆಸ್ಟಿನ್ ಸೆವೆನ್ನಿನ ಎಂಜಿನ್ನಿಗೆ ನೀರು ದಬ್ಬುವ ಪಂಪಿಲ್ಲ. ಕಾದ ನೀರು ತಾನೇ ಮೇಲೇರಿ ರೇಡಿಯೇಟರಿಗೆ ಹೋಗಿ, ತಣಿದು ಇಳಿಯಬೇಕು. ಹದಿನಾಲ್ಕು ತಿರುವುಗಳ ಆಗುಂಬೆ ಘಾಟಿಯಂಥ ಏರಿನಲ್ಲಿ ಮೊದಲ ಗೇರಿನಲ್ಲೇ ತೆವಳಿದರೆ ನೀರು ಕುದಿಯದೆ ಇರುತ್ತದೆಯೇ? ಇಳಿಯುವುದು ಇನ್ನೂ ಕಷ್ಟ. 1930ಕ್ಕೆ ಮುಂಚಿನ ಸೆವೆನ್ ಕಾರಿನಲ್ಲಿ ಕಾಲಿನ ಬ್ರೇಕು ಹಿಂದಿನ ಚಕ್ರಗಳಿಗೆ, ಕೈ ಬ್ರೇಕು ಮುಂದಿನ ಚಕ್ರಗಳಿಗೆ. ಎರಡನ್ನೂ ಒಟ್ಟಿಗೆ ಎಳೆದು ತುಳಿದು, ಸ್ಟಿಯರಿಂಗನ್ನೂ ತಿರುಗಿಸಬೇಕು. ಚಾಲಕನಿಗೆ ಮೂರನೆಯ ಕೈ ಇದ್ದಿದ್ದರೆ ಒಳ್ಳೆಯದಿತ್ತು.

ಅಮೆರಿಕದ ಕಾರುಗಳು ಬೇರೆ ಮಣ್ಣಿನಲ್ಲಿ ಬೆಳೆದವು. ಅಲ್ಲಿನ ಹಳ್ಳಿಗಳಲ್ಲೂ ರಸ್ತೆ ಕೆಟ್ಟದ್ದೇ. ಫೋರ್ಡ್, ಷೆವ್ರೊಲೆ ಕಾರುಗಳು ನೆಲದಿಂದ ಎತ್ತರವಾಗಿದ್ದವು. ಎಂಜಿನ್ನಿನಲ್ಲಿ ಕಸುವಿತ್ತು, ಬಿಡಿಭಾಗ ಸುಲಭವಾಗಿ ಸಿಗುತ್ತಿತ್ತು. ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯಲ್ಲೇ ಜೋಡಣೆಯ ಕಾರ್ಖಾನೆ ತೆರೆಯಿತು. 1932ರ ಒಟ್ಟಾವ ಒಪ್ಪಂದದ ಮೇಲೆ ಬ್ರಿಟಿಷ್ ಕಾರಿಗೆ ಭಾರತದಲ್ಲಿ ಆಮದು ಸುಂಕದ ರಿಯಾಯಿತಿ ದೊರೆತರೂ, ಗುಂಡಿಬಿದ್ದ ಹಾದಿಗೆ ಸುಂಕದ ಲೆಕ್ಕ ತಿಳಿಯುವುದಿಲ್ಲವಲ್ಲ! ಪೇಟೆಯ ವಕೀಲರಿಗೆ, ಡಾಕ್ಟರಿಗೆ ಬೇಬಿ ಆಸ್ಟಿನ್ ಸಾಕು. ಕಾಡಿನ ನಡುವಿನ ಮನೆಗೆ ಗಟ್ಟಿ ಗಾಡಿಯೇ ಬೇಕು. ಮಲೆನಾಡಿನಲ್ಲಿ ಬ್ರಿಟಿಷ್ ಟೂರರ್ ಅಪರೂಪವೆನ್ನುವುದಕ್ಕೆ ಇದೇ ಮೂಲ ಕಾರಣ.

ಬಾಗಿಲು ಮುಚ್ಚಿದ ಮಾರುಕಟ್ಟೆ

ಭಾರತದಲ್ಲೇ ಕಾರು ಮಾಡುವ ಕನಸನ್ನು ಮೊದಲು ಕಂಡವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರೂ ಒಬ್ಬರು. 1935ರ ಸುಮಾರಿಗೆ ಅವರು ಯುರೋಪು, ಅಮೆರಿಕಗಳ ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಕೈಜೋಡಿಸಿದರು. ಬ್ರಿಟಿಷ್ ಸರ್ಕಾರ ಅದಕ್ಕೆ ಒತ್ತಾಸೆ ಕೊಡಲಿಲ್ಲ. ಅದೇ ವಾಲ್‌ಚಂದರು 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಕಾರಿಗೆ ಬಾರದ ಅನುಕೂಲ ಯುದ್ಧದ ನೆಪದಲ್ಲಿ ವಿಮಾನಕ್ಕೆ ಬಂತು.

ಅದೇ ಯುದ್ಧ ಮಲೆನಾಡಿನ ಕಾರುಗಳನ್ನು ಶೆಡ್ಡಿನಲ್ಲಿ ಕೂರಿಸಿತು. ಪೆಟ್ರೋಲಿಗೆ ರೇಷನ್ ಬಂದು ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡತೊಡಗಿದವು. ಯುದ್ಧ ಮುಗಿದ ಮೇಲೆ ಸೈನ್ಯದ ‘ಡಿಸ್ಪೋಸಲ್’ ಜೀಪುಗಳು ಬಂದವು. ನಾಲ್ಕೂ ಚಕ್ರ ತಿರುಗಿಸುವ, ಅಡಿಕೆ ಮೂಟೆಯನ್ನೂ ಆಳುಗಳನ್ನೂ ಹೊರುವ, ಕೆಸರಿಗೆ ಅಂಜದ ಜೀಪು ಕಣ್ಣಮುಂದೆ ಇರುವಾಗ ಹಳೆಯ ಟೂರರನ್ನು ಯಾರು ಕೇಳುತ್ತಾರೆ? ಸ್ವಾತಂತ್ರ್ಯಾನಂತರ ಆಮದು ಬಿಗಿಯಾಯಿತು. 1950ರ ದಶಕದ ನಡುವಿಗೆ, ಇಲ್ಲಿಯೇ ತಯಾರಿಸಲು ಒಪ್ಪದ ವಿದೇಶಿ ಜೋಡಣೆ ಕಂಪೆನಿಗಳು ಗಂಟುಮೂಟೆ ಕಟ್ಟಿದವು. ಉಳಿದವು ಹಿಂದುಸ್ತಾನ್, ಪ್ರೀಮಿಯರ್, ಮದರಾಸಿನ ಸ್ಟ್ಯಾಂಡರ್ಡ್‌ಗಳಂಥ ಕೆಲವೇ ಹೆಸರು. ಹೊಸ ತೆರೆದ ಕಾರು ಬರುವ ದಾರಿ ಮುಚ್ಚಿತು. ಅಂದರೆ ಅಂದು ಈ ನೆಲದಲ್ಲಿ ಎಷ್ಟಿದ್ದವೋ ಅಷ್ಟೇ. ಆಮೇಲಿನ ಲೆಕ್ಕವೆಲ್ಲ ಕಳೆಯುವ ಲೆಕ್ಕ. ಗುಜರಿಗೆ ಹೋದವು ಕೆಲವು. ಎಂಜಿನ್ ಕಿತ್ತು ನೀರೆತ್ತಲೋ ಅಕ್ಕಿ ಗಿರಣಿಗೋ ಹಾಕಿಸಿಕೊಂಡವು ಕೆಲವು. ರಫ್ತಿಗೆ ಸರ್ಕಾರ ಕಡಿವಾಣ ಹಾಕುವ ಮುನ್ನ ವಿದೇಶದ ಸಂಗ್ರಾಹಕರ ಕೈ ಸೇರಿದವು ಇನ್ನು ಕೆಲವು.

ಗೆದ್ದಲು, ಬೂಷ್ಟು, ಬಡಗಿ

ಉಳಿದ ಕಾರಿಗೆ ಎದುರಾದ ಶತ್ರು ತುಕ್ಕೊಂದೇ ಅಲ್ಲ. ಮೇಲೆ ಹೇಳಿದಂತೆ ಅದರ ಮೈಯ ಒಳಗಿರುವುದು ಮರ. ಬ್ರಿಟಿಷ್ ತಯಾರಕರು ಸಾಮಾನ್ಯವಾಗಿ ಬಳಸುತ್ತಿದ್ದದ್ದು ಬಾಗಿದರೂ ಮುರಿಯದ ‘ಆ್ಯಶ್’ ಜಾತಿಯ ಮರವನ್ನು. ಅದರ ತೌರಿನ ಚಳಿಯಲ್ಲಿ ನೂರು ವರ್ಷ ಬಾಳುವ ಆ ಮರ, ನಾಲ್ಕು ತಿಂಗಳು ಗೋಡೆಯೇ ಬೆವರುವ ಮಲೆನಾಡಿನಲ್ಲಿ ಬೂಷ್ಟು ಹಿಡಿಯುತ್ತದೆ, ಆಮೇಲೆ ಗೆದ್ದಲು. ಬಾಗಿಲು ಜೋಲುತ್ತದೆ, ತಗಡು ನಿಂತಿರುತ್ತದೆ, ಒಳಗೆ ಪುಡಿ. ಸೀಟಿನ ತೊಗಲು, ಟಾಪಿನ ಬಟ್ಟೆ, ವೈರಿನ ಹತ್ತಿ ಹೊದಿಕೆ ಇಲಿಗೆ ಆಹಾರ.

ಇಂಥಲ್ಲಿ ಕಾರನ್ನು ಉಳಿಸಿದವರು ಊರಿನ ಕೈಗಳು. ಇಂಗ್ಲೆಂಡಿನಿಂದ ಬಿಡಿಭಾಗ ತರಿಸುವ ಅನುಕೂಲವಿಲ್ಲದ ಕಡೆ ಬಡಗಿಗೆ ಹಲಸು, ತೇಗಗಳೇ ಆಧಾರ. ಕಮ್ಮಾರನ ಕುಲುಮೆಯೇ ಪಾಟಾದ ಕಾರ್ಖಾನೆ. ಟಾಪು ಹೊಲಿಯುವವನು ಟಾರ್ಪಾಲಿನ ದರ್ಜಿ. ಮೆಕ್ಯಾನಿಕ್ಕಿಗೆ ಇನ್ನೊಂದು ತೊಡಕು: ಹಳೆಯ ಬ್ರಿಟಿಷ್ ಬೋಲ್ಟುಗಳ ಅಳತೆಯೇ ಬೇರೆ. ವಿಟ್‌ವರ್ತ್ ಎಂಬ ಆ ಕ್ರಮದ ನಟ್ಟಿಗೆ ಮಿಲಿಮೀಟರ್ ಸ್ಪ್ಯಾನರ್ ಕೂರುವುದಿಲ್ಲ. ಬಲವಂತ ಮಾಡಿದರೆ ಮೂಲೆ ಸವೆಯುತ್ತದೆ. ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ಹುಟ್ಟಿದ ಅಂಬಾಸಿಡರ್ ಊರೂರಲ್ಲಿ ಓಡುತ್ತಿದ್ದಷ್ಟು ಕಾಲ ಇಂಚಿನ ಸ್ಪ್ಯಾನರುಗಳೂ ಬ್ರಿಟಿಷ್ ಎಂಜಿನ್ನಿನ ಮರ್ಮ ಬಲ್ಲ ಕಿವಿಗಳೂ ಗ್ಯಾರೇಜಿನಲ್ಲಿದ್ದವು. 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು. ಆ ವಿದ್ಯೆಗೆ ಈಗ ಹೊಸ ಶಿಷ್ಯರಿಲ್ಲ.

ಮಾರಾಟದ ತಕ್ಕಡಿ

ಈಗ ಜಾಹೀರಾತಿಗೆ ಬರೋಣ. ‘ವಿಂಟೇಜ್’ ಎಂಬ ಮಾತನ್ನು ಎಲ್ಲ ಹಳೆಯ ಕಾರಿಗೂ ಅಂಟಿಸುವುದು ರೂಢಿ. ಇಂಗ್ಲೆಂಡಿನಲ್ಲಿ 1934ರಲ್ಲಿ ಹುಟ್ಟಿದ ವಿಂಟೇಜ್ ಸ್ಪೋರ್ಟ್ಸ್-ಕಾರ್ ಕ್ಲಬ್ಬಿನ ಪ್ರಕಾರ 1919ರಿಂದ 1930ರವರೆಗೆ ತಯಾರಾದದ್ದು ಮಾತ್ರ ವಿಂಟೇಜ್. ಆ ಲೆಕ್ಕದಲ್ಲಿ 1935ರ ಮಾರಿಸ್ ಎಯ್ಟ್ ಕೂಡ ಹೊರಗೆ. ಭಾರತದ ಕಾನೂನು ಉದಾರಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ದ್ವಿಚಕ್ರ, ನಾಲ್ಕು ಚಕ್ರದ ಖಾಸಗಿ ವಾಹನ ವಿಂಟೇಜ್. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ ಶುಲ್ಕ. ಅದು ಹತ್ತು ವರ್ಷ ಊರ್ಜಿತ. ಪ್ರದರ್ಶನ, ರ್‍ಯಾಲಿ, ದುರಸ್ತಿ, ಇಂಧನ ತುಂಬಿಸುವಂಥ ಕೆಲಸಗಳಿಗೆ ರಸ್ತೆಗಿಳಿಸಬಹುದು; ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಸಲ್ಲದು. ಮಾರಬಹುದು, ಕೊಳ್ಳಬಹುದು; ಆದರೆ 90 ದಿನಗಳೊಳಗೆ ಸಾರಿಗೆ ಇಲಾಖೆಗೆ ತಿಳಿಸಬೇಕು.

ಕೊಳ್ಳುವವನು ಮೊದಲು ನೋಡುವುದು ಬಣ್ಣವನ್ನಲ್ಲ, ಚಾಸಿ ನಂಬರನ್ನು. ಅದು ಆರ್‌ಸಿ ಪುಸ್ತಕದ ನಂಬರಿಗೆ ತಾಳೆಯಾಗಬೇಕು, ಎಂಜಿನ್ ನಂಬರೂ ಹೊಂದಬೇಕು. ಮೈಸೂರು ರಾಜ್ಯದ ಕಾಲದ ‘ಎಂವೈ’ ಅಕ್ಷರಗಳ ಫಲಕ ಇದ್ದರೆ ಅದೇ ಒಂದು ಸಾಕ್ಷಿ. ಸಾಗರಕ್ಕೆ ‘ಕೆಎ-15’ ಬಂದದ್ದು 1988ರ ಮೋಟಾರು ವಾಹನ ಕಾಯಿದೆ ಜಾರಿಯಾದ ಮೇಲೆ. ಆಸ್ಟಿನ್, ಮಾರಿಸ್‌ಗಳ ಉಳಿದಿರುವ ಕಾರ್ಖಾನೆ ದಾಖಲೆಗಳ ಆಧಾರದ ಮೇಲೆ ಇಂಗ್ಲೆಂಡಿನ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಪ್ರಮಾಣಪತ್ರ ಕೊಡುತ್ತದೆ. ಟೂರರಿನ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. ಮುಚ್ಚಿದ ಕಾರಿನ ಸೂರು ಕೊಯ್ದು ‘ತೆರೆದ ಕಾರು’ ಮಾಡಿ ಮಾರುವುದುಂಟು. ಮೂಲದಲ್ಲೇ ತೆರೆದ ಕಾರಿಗೆ ಬಾಗಿಲಿನ ಮೇಲಂಚು, ಗಾಳಿಗಾಜಿನ ಚೌಕಟ್ಟು, ಟಾಪಿನ ಕೀಲು ಎಲ್ಲವೂ ಬೇರೆಯೇ. ಕೊಂಡ ಮೇಲೂ ಚಿಂತೆ ತಪ್ಪದು. ಶೇಕಡ 20ರಷ್ಟು ಎಥನಾಲ್ ಬೆರೆತ ಇಂದಿನ ಪೆಟ್ರೋಲು ಹಳೆಯ ರಬ್ಬರ್ ಕೊಳವೆ, ಬೆಂಡಿನ ಗ್ಯಾಸ್ಕೆಟ್‌ಗಳನ್ನು ಹಾಳುಗೆಡವುತ್ತದೆ.

ಆದರೆ ಮೂಲ ರೂಪ ಎಂಬ ಈ ಒಂದು ಮಾತಿನಲ್ಲೇ ಮಲೆನಾಡಿನ ಕಾರಿನ ಸಂಕಟ ಅಡಗಿದೆ. ಹಲಸಿನ ಹಂದರ, ಕಮ್ಮಾರ ಬಡಿದ ಪಾಟಾ, ಜೀಪಿನ ದೀಪ, ಅಂಬಾಸಿಡರ್‌ನ ಕಾರ್ಬುರೇಟರ್ ಇವೆಲ್ಲ ಕಾನೂನಿನ ಕಣ್ಣಿಗೂ ಮಾರುಕಟ್ಟೆಯ ಕಣ್ಣಿಗೂ ಕುಂದು. ಕೊಂಡವನು ಮೊದಲು ಮಾಡುವ ಕೆಲಸ ಅವನ್ನೆಲ್ಲ ಕಿತ್ತು, ಹೊರದೇಶದಿಂದ ‘ಅಸಲಿ’ ಭಾಗ ತರಿಸಿ ಕೂರಿಸುವುದು. ಕಾರು ಆಗ ಕಾರ್ಖಾನೆಯಿಂದ ಬಂದ ದಿನದಂತೆ ಹೊಳೆಯುತ್ತದೆ, ಬೆಲೆಯೂ ಏರುತ್ತದೆ. ಎಂಬತ್ತು ವರ್ಷ ಅದನ್ನು ಉಸಿರಾಡಿಸಿದ ಊರಿನ ಕೈಗುರುತು ಮಾತ್ರ ಅಳಿಸಿಹೋಗುತ್ತದೆ. ಕೋವೆಂಟ್ರಿಯಲ್ಲೋ ಆಕ್ಸ್‌ಫರ್ಡಿನಲ್ಲೋ ಹುಟ್ಟಿದ ಸಾವಿರ ಕಾರುಗಳು ಜಗತ್ತಿನಲ್ಲಿ ಸಿಕ್ಕಾವು. ಹಲಸಿನ ಮೂಳೆಯ ಟೂರರ್ ಎಷ್ಟು ಸಿಕ್ಕೀತು?

ಯಾರ ಕಾರು?

ಇನ್ನೊಂದು ಲೆಕ್ಕವೂ ಇದೆ. ಆ ಕಾಲದಲ್ಲಿ ಕಾರು ಕೊಳ್ಳುವ ಶಕ್ತಿ ಇದ್ದದ್ದು ಬೆರಳೆಣಿಕೆಯ ಭೂಮಾಲೀಕರಿಗೆ, ಅಡಿಕೆ ಮಂಡಿಯವರಿಗೆ, ಅಧಿಕಾರಿಗಳಿಗೆ. ಉಳುವವನು ಕೊಳಗದಲ್ಲಿ ಅಳೆದುಕೊಟ್ಟ ಗೇಣಿ ಭತ್ತದ ಮೇಲೆ ನಿಂತಿದ್ದ ಸಿರಿ ಅದು. ಆ ಕೊಳಗದ ಅಳತೆಯನ್ನೇ ಪ್ರಶ್ನಿಸಿ 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಎಚ್. ಗಣಪತಿಯಪ್ಪ ಅದರ ಮುಂದಾಳು. ರಾಮಮನೋಹರ ಲೋಹಿಯಾ ಅವರೂ ಬಂದು ಬಂಧಿತರಾದರು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ಗೇಣಿ ಪದ್ಧತಿಗೇ ಕೊನೆ ಹಾಡಿತು. ಶೆಡ್ಡಿನಲ್ಲಿ ಉಳಿದ ಟೂರರ್ ಆ ಹಳೆಯ ವ್ಯವಸ್ಥೆಯ ತುಣುಕು. ಒಂದು ಮನೆಯ ನೆನಪಿನಲ್ಲಿ ಅದು ಅಜ್ಜನ ಮದುವೆಯ ದಿಬ್ಬಣ. ಇನ್ನೊಂದು ಮನೆಯ ನೆನಪಿನಲ್ಲಿ ಗದ್ದೆಯಂಚಿನಲ್ಲಿ ನಿಂತು ದಾರಿ ಬಿಟ್ಟ ದೂಳು. ಎರಡೂ ಆ ಕಾರಿನ ಚರಿತ್ರೆಯೇ. ಮಾರಾಟದ ಕಾಗದದಲ್ಲಿ ಮೊದಲನೆಯದು ಬರುವುದುಂಟು, ಎರಡನೆಯದು ಬರುವುದಿಲ್ಲ.

ಮನೆಯವರು ಮಾರುವುದನ್ನು ತಪ್ಪೆನ್ನುವಂತಿಲ್ಲ. ಪಾಲಾದ ಮನೆಯಲ್ಲಿ ಕಾರನ್ನು ನಾಲ್ಕು ಭಾಗ ಮಾಡಲಾಗದು. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದರೆ ಪ್ರತಿ ಮಳೆಗಾಲ ಅದನ್ನು ಕಾಯುವವರು ಯಾರು? ಒಳ್ಳೆಯ ಸಂಗ್ರಾಹಕನ ಕೈ ಸೇರಿದರೆ ಬದುಕುತ್ತದೆ, ಶೆಡ್ಡಿನಲ್ಲೇ ಬಿಟ್ಟರೆ ಗೆದ್ದಲಿನ ಪಾಲು. ಧರ್ಮಸ್ಥಳದಲ್ಲಿ ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಹಾಕಿದ ಹಳೆಯ ಕಾರುಗಳ ಸಂಗ್ರಹ, ಶ್ರೀರಂಗಪಟ್ಟಣದ ಬಳಿ ಅವರೇ ಈಚಿನ ವರ್ಷಗಳಲ್ಲಿ ತೆರೆದಿರುವ ‘ಪಯಣ’ ವಸ್ತುಸಂಗ್ರಹಾಲಯ ಇಂಥ ವಾಹನಗಳಿಗೆ ಕನ್ನಡ ನಾಡಿನಲ್ಲೇ ನೆಲೆ ಇದೆಯೆಂಬುದನ್ನು ತೋರಿಸಿಕೊಟ್ಟಿವೆ.

ಮಲೆನಾಡಿಗೆ ಮಾತ್ರ ಇದರಲ್ಲಿ ಹೆಚ್ಚಿನ ನಷ್ಟವಿದೆ. ಈ ಕಾರುಗಳು ಓಡಿದ ಹಾದಿಗಳಲ್ಲಿ ಹಲವು ಈಗ ಇಲ್ಲ. 1964ರ ಲಿಂಗನಮಕ್ಕಿ ಅಣೆಕಟ್ಟೆ ಸಾಗರ, ಹೊಸನಗರ ತಾಲ್ಲೂಕುಗಳ ಊರು, ಗದ್ದೆ, ರಸ್ತೆಗಳನ್ನು ನುಂಗಿತು. ಶರಾವತಿಯ ಹಿನ್ನೀರಿನ ಅಂಬಾರಗೋಡ್ಲು, ಕಳಸವಳ್ಳಿಗಳ ನಡುವೆ ವಾಹನಗಳೂ ಲಾಂಚು ಹತ್ತಿ ದಾಟಬೇಕಿತ್ತು. 2025ರ ಜುಲೈ 14ರಂದು ತೆರೆದ ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ ಆ ಅಧ್ಯಾಯವನ್ನೂ ಮುಗಿಸಿತು. ಬೇಸಿಗೆಯಲ್ಲಿ ನೀರು ತಳ ಕಂಡ ವರ್ಷ ಮಾತ್ರ 1948ರ ಹಳೆಯ ಹಿರೇಭಾಸ್ಕರ ಅಣೆಕಟ್ಟೆ ತಲೆ ಎತ್ತುತ್ತದೆ. ದಾರಿ ಮುಳುಗಿದೆ, ಆ ದಾರಿಯಲ್ಲಿ ಓಡಿದ ಬಂಡಿಯೂ ಊರು ಬಿಡುತ್ತಿದೆ.

ಹಾಗಾಗಿ ಕಾರಿನ ಕೀಲಿಕೈ ಕೊಡುವ ಮುನ್ನ ಮಾಡಬಹುದಾದ ಒಂದು ಖರ್ಚಿಲ್ಲದ ಕೆಲಸವಿದೆ. ಯಾವ ವರ್ಷ, ಎಲ್ಲಿಂದ, ಯಾವ ಘಾಟಿ ಹತ್ತಿ ಬಂತು; ಓಡಿಸಿದವರು ಯಾರು; ಹಂದರಕ್ಕೆ ಹಲಸು ಹಾಕಿದ ಬಡಗಿ ಯಾರು, ಟಾಪು ಹೊಲಿದವರು ಯಾರು; ಆ ವರ್ಷ ಮನೆಗೆ ಬಂದ ಗೇಣಿ ಎಷ್ಟು, ಅದನ್ನು ಅಳೆದವರು ಯಾರು. ಇವನ್ನು ಬಲ್ಲ ಹಿರಿಯರು ಎರಡೂ ಕಡೆಯ ಮನೆಗಳಲ್ಲಿ ಇನ್ನೂ ಕೆಲವರಿದ್ದಾರೆ. ಅವರನ್ನು ಕೇಳಿ ಎರಡು ಹಾಳೆ ಬರೆದು, ಕಿತ್ತು ತೆಗೆಯುವ ಮೊದಲು ಹಲಸಿನ ಹಂದರದ ಒಂದು ಚಿತ್ರವನ್ನೂ ತೆಗೆದು ಆರ್‌ಸಿ ಪುಸ್ತಕದ ಜೊತೆ ಇಟ್ಟರೆ, ಕೊಂಡವನಿಗೂ ಅದರಿಂದ ಲಾಭವೇ; ಚರಿತ್ರೆ ಇರುವ ಕಾರಿಗೆ ಬೆಲೆ ಹೆಚ್ಚು. ಒಂದು ಪ್ರತಿ ಊರಿನ ಗ್ರಂಥಾಲಯದಲ್ಲೂ ಇರಲಿ. ಕಾರು ಯಾವ ಊರಿಗೆ ಹೋದರೂ ಕಥೆಯಾದರೂ ಇಲ್ಲಿ ಉಳಿದೀತು.